ಹಡಗಿನ ಹಳೇ ಇಂಜಿನ್ನೂ, ಎಣ್ಣೆಯ ಲೆಕ್ಕಾಚಾರವೂ

ಹೊಸ ಬೈಕ್ ತಗೊಂಡಾಗ ಎದುರು ಸಿಕ್ಕವರೆಲ್ಲ ಕೇಳೋದು ಎರಡೇ ಪ್ರಶ್ನೆ. ಒಂದು, "ಎಷ್ಟು ಕೊಡುತ್ತೆ?" ಎರಡು, "ಪಿಕಪ್ ಹೇಗಿದೆ?" ಈ ಎರಡಕ್ಕೂ ಒಟ್ಟಿಗೆ ಒಳ್ಳೆಯ ಉತ್ತರ ಕೊಡುವ ಗಾಡಿ ಇನ್ನೂ ಹುಟ್ಟಿಲ್ಲ ಅನ್ನೋದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು :) ಇದೇ ಎರಡು ಪ್ರಶ್ನೆಗಳನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಹಡಗುಗಳ ಡೀಸೆಲ್ ಇಂಜಿನ್ನಿಗೆ ಕೇಳುತ್ತಾ ಬಂದಿದ್ದಾರೆ. ಅದರ ಕಥೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಾನು ಓದಿದ್ದು ಮೆಕ್ಯಾನಿಕಲ್. ಕ್ಲಾಸಿನ ಅರ್ಧ ಜನರ ಹಾಗೆ ನಾನೂ ಬೆಂಗಳೂರಿಗೆ ಬಂದು ಕೋಡು ಕುಟ್ಟುತ್ತಾ ಕೂತೆ. ಆದರೆ ದೊಡ್ಡಪ್ಪ ಮೂವತ್ತು ವರ್ಷ ಹಡಗಿನಲ್ಲಿದ್ದವರು, ಚೀಫ್ ಇಂಜಿನಿಯರ್ ಆಗಿ ನಿವೃತ್ತರಾದರು. ಊರಿಗೆ ಹೋದಾಗಲೆಲ್ಲ ಅವರ ಬಾಯಿಂದ ಇಂಜಿನ್ ರೂಮಿನ ಪುರಾಣ ಕೇಳಿ ಕೇಳಿ, ನಾನು ಕಾಲೇಜಿನಲ್ಲಿ ಪರೀಕ್ಷೆಗೆ ಓದಿ ಮರೆತದ್ದೆಲ್ಲ ಮತ್ತೆ ನೆನಪಾಯಿತು. ಇನ್ನು ವಿಷಯಕ್ಕೆ ಬರೋಣ.

ಶುರುವಾದದ್ದು ಉಳಿತಾಯದಿಂದಲೇ

ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ತನ್ನ ಇಂಜಿನ್ನನ್ನು ಪರೀಕ್ಷೆಗೆ ಒಡ್ಡಿದ. ಅದರ ಶಕ್ತಿ ಇಪ್ಪತ್ತು ಅಶ್ವಶಕ್ತಿಯ ಒಳಗೇ ಇತ್ತು, ಇವತ್ತಿನ ಬೈಕಿಗೆ ಸಮ. ಆದರೆ ಅದು ಇಂಧನದ 26.2 ಶೇಕಡಾ ಶಾಖವನ್ನು ಕೆಲಸವಾಗಿ ಬದಲಾಯಿಸಿತು. ಆ ಕಾಲದ ಹಬೆ ಇಂಜಿನ್ನುಗಳು ಹತ್ತರ ಆಸುಪಾಸಿನಲ್ಲಿ ತೆವಳುತ್ತಿದ್ದವು. ಅಂದರೆ ಡೀಸೆಲ್ ಇಂಜಿನ್ನನ್ನು ಜಗತ್ತು ಗಮನಿಸಿದ್ದು ಅದರ ಬಲಕ್ಕಲ್ಲ, ಮಿತವ್ಯಯಕ್ಕೆ.

ಹಡಗಿನವರಿಗೆ ಇದು ಯಾಕೆ ಬೇಕಿತ್ತು? ಹಬೆ ಹಡಗಿನಲ್ಲಿ ಕಲ್ಲಿದ್ದಲು ತುಂಬಲು ಜಾಗ ಬೇಕು, ಅದನ್ನು ಬಾಯ್ಲರಿಗೆ ಎಸೆಯಲು ಹಗಲೂ ರಾತ್ರಿ ಆಳುಗಳು ಬೇಕು, ದಾರಿಯುದ್ದಕ್ಕೂ ಕಲ್ಲಿದ್ದಲು ಸಿಗುವ ಬಂದರುಗಳು ಬೇಕು. ಎಣ್ಣೆಯಾದರೆ ಹಡಗಿನ ಜೋಡಿ ತಳದ ಸಂದಿನಲ್ಲೇ ತುಂಬಿಸಿಡಬಹುದು. ಕೋಪನ್‌ಹೇಗನ್ನಿನ ಬರ್ಮೈಸ್ಟರ್ ಅಂಡ್ ವೈನ್ ಕಂಪನಿ ಡೆನ್ಮಾರ್ಕಿನ ಈಸ್ಟ್ ಏಷಿಯಾಟಿಕ್ ಕಂಪನಿಗೋಸ್ಕರ ಕಟ್ಟಿದ 'ಸೆಲಾಂಡಿಯಾ' 1912ರ ಫೆಬ್ರವರಿಯಲ್ಲಿ ಬ್ಯಾಂಕಾಕಿಗೆ ಹೊರಟಿತು. ಅದಕ್ಕೂ ಮುಂಚೆ ವೋಲ್ಗಾ ನದಿಯಲ್ಲೂ ಡಚ್ಚರ ಒಂದು ಟ್ಯಾಂಕರಿನಲ್ಲೂ ಡೀಸೆಲ್ ಓಡಿತ್ತು. ಆದರೆ ದೊಡ್ಡ ಸಾಗರಗಳನ್ನು ದಾಟಿ ಹೋಗಿ ಬಂದು ಜಗತ್ತನ್ನು ನಂಬಿಸಿದ್ದು ಸೆಲಾಂಡಿಯಾ. ಎರಡು ಇಂಜಿನ್, ಒಂದೊಂದಕ್ಕೆ ಎಂಟು ಸಿಲಿಂಡರ್, ಒಂದೊಂದರದ್ದು 1,250 ಅಶ್ವಶಕ್ತಿ. ಹೊಗೆಕೊಳವೆಯೇ ಇರಲಿಲ್ಲ, ಹೊಗೆ ಹೋಗುತ್ತಿದ್ದದ್ದು ಹಿಂದಿನ ಕಂಬದ ಒಳಗಿಂದ. ಕೊಳವೆ ಇಲ್ಲದ ಈ ವಿಚಿತ್ರ ಹಡಗು ಲಂಡನ್ನಿಗೆ ಬಂದಾಗ, ಆಗ ಬ್ರಿಟಿಷ್ ನೌಕಾಖಾತೆ ನೋಡಿಕೊಳ್ಳುತ್ತಿದ್ದ ವಿನ್‌ಸ್ಟನ್ ಚರ್ಚಿಲ್ಲೇ ಹತ್ತಿ ನೋಡಿದ್ದರು.

ಒಂದು ಸಣ್ಣ ಲೆಕ್ಕ (ಹೆದರಬೇಡಿ)

ಮುಂದಿನ ಕಥೆ ಅರ್ಥವಾಗಬೇಕಾದರೆ ಒಂದೇ ಒಂದು ಲೆಕ್ಕ ಗೊತ್ತಿರಬೇಕು. ಹಡಗನ್ನು ನೀರಿನಲ್ಲಿ ತಳ್ಳಲು ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಇದನ್ನೇ ಉಲ್ಟಾ ಮಾಡಿ ನೋಡಿ. 15 ನಾಟ್‌ನಲ್ಲಿ ಹೋಗುತ್ತಿದ್ದ ಹಡಗನ್ನು 12 ನಾಟ್‌ಗೆ ಇಳಿಸಿದರೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧ. ಪ್ರಯಾಣ ಕಾಲುಪಾಲು ಉದ್ದವಾಗುತ್ತದೆ ನಿಜ, ಅದನ್ನು ಸೇರಿಸಿಕೊಂಡರೂ ಅದೇ ದೂರಕ್ಕೆ ಸುಡುವ ಎಣ್ಣೆ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚೇ ಕಮ್ಮಿ!

"ಹಾಗಾದರೆ ಎಲ್ಲರೂ ನಿಧಾನ ಹೋದರಾಯಿತಲ್ಲ" ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ತೊಡಕು ಇರೋದು ಇಂಜಿನ್ನಿನಲ್ಲಿ. ಹಳೇ ಇಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ, ಒಂದು ನಿರ್ದಿಷ್ಟ ಹೊರೆಗೆ ಹದ ಮಾಡಿ ಕಟ್ಟಿದ ಯಂತ್ರ. ಆ ಹದದಿಂದ ಕೆಳಗೆ ಇಳಿಸಿದರೆ ಅದು ಕೋಪಿಸಿಕೊಳ್ಳುತ್ತೆ. ಆ ಹದವನ್ನು ಎಲ್ಲಿ ಇಡಬೇಕು ಅಂತ ನಿರ್ಧಾರವಾಗುವುದು ಹಡಗು ಕಟ್ಟುವ ವರ್ಷದ ಎಣ್ಣೆ ಬೆಲೆ ನೋಡಿ. ಬೆಲೆ ಎರಡು ವರ್ಷಕ್ಕೆ ಬದಲಾಗುತ್ತದೆ, ಹಡಗು ಇಪ್ಪತ್ತೈದು ವರ್ಷ ಬದುಕುತ್ತದೆ. ಈ ಕಥೆಯ ಗೋಳೆಲ್ಲ ಇಷ್ಟೇ.

ಬಲದ ಹಿಂದೆ ಬಿದ್ದ ಕಾಲ

ಮೊದಲಿನ ಇಂಜಿನ್ನುಗಳಲ್ಲಿ ಎಣ್ಣೆಯನ್ನು ಸಿಲಿಂಡರಿನೊಳಗೆ ಊದಲು ಜೋರು ಒತ್ತಡದ ಗಾಳಿ ಬೇಕಿತ್ತು. ಆ ಗಾಳಿ ಮಾಡಲು ಒಂದು ಕಂಪ್ರೆಸರ್, ಅದನ್ನು ತಿರುಗಿಸಲು ಇಂಜಿನ್ನಿನದೇ ಶಕ್ತಿ. ದುಡಿದದ್ದರಲ್ಲಿ ಒಂದು ಪಾಲು ಮನೆಯೊಳಗೇ ಖರ್ಚು ಅನ್ನೋ ಹಾಗೆ. 1930ರ ದಶಕದ ಹೊತ್ತಿಗೆ ಪಂಪಿನ ಒತ್ತಡದಿಂದಲೇ ಎಣ್ಣೆ ಚಿಮ್ಮಿಸುವ ವಿಧಾನ ಬಂದು ಆ ದಂಡ ತಪ್ಪಿತು.

ಮುಂದಿನ ದೊಡ್ಡ ಹೆಜ್ಜೆ ಟರ್ಬೋಚಾರ್ಜರ್. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ 1905ರಲ್ಲೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿಸೋದು. ಗಾಳಿ ಹೆಚ್ಚಿದ್ದರೆ ಎಣ್ಣೆ ಹೆಚ್ಚು ಸುಡಬಹುದು, ಬಲ ಹೆಚ್ಚು. ಹಡಗಿನ ದೊಡ್ಡ ಎರಡು-ಸ್ಟ್ರೋಕ್ ಇಂಜಿನ್ನಿಗೆ ಇದು ಒಗ್ಗಲು ಬಹಳ ಕಾಲ ಹಿಡಿಯಿತು. 1952ರಲ್ಲಿ 'ಡೋರ್ಥ್ ಮೇರ್ಸ್ಕ್' ಅನ್ನೋ ಟ್ಯಾಂಕರಿನಲ್ಲಿ ಅದು ಸಾಧ್ಯವಾಯಿತು. ಅದೇ ಗಾತ್ರದ ಇಂಜಿನ್ನಿನಿಂದ ಮೂರನೇ ಒಂದು ಪಾಲಿನಷ್ಟು ಹೆಚ್ಚು ಬಲ!

ಅದಕ್ಕೂ ಸ್ವಲ್ಪ ಮುಂಚೆ, 1946ರ ಸುಮಾರಿಗೆ, ಜಾನ್ ಲ್ಯಾಂಬ್ ಅನ್ನೋ ಇಂಜಿನಿಯರ್ 'ಆರಿಕ್ಯುಲಾ' ಅನ್ನೋ ಟ್ಯಾಂಕರಿನಲ್ಲಿ ಬೇರೆಯದೇ ಪ್ರಯೋಗ ಮಾಡಿದ್ದ. ಶುದ್ಧ ಡೀಸೆಲ್ ಎಣ್ಣೆಯ ಬದಲು ಅಗ್ಗದ ಗಟ್ಟಿ ಎಣ್ಣೆಯನ್ನು, ಅಂದರೆ ರಿಫೈನರಿಯಲ್ಲಿ ಕೊನೆಗೆ ಉಳಿಯುವ ಡಾಂಬರಿನ ತಮ್ಮನಂಥದ್ದನ್ನು, ಬಿಸಿ ಮಾಡಿ, ಕಸ ತೆಗೆದು ಇಂಜಿನ್ನಿಗೆ ಕುಡಿಸಿದ. ಇಂಜಿನ್ ಕುಡಿಯಿತು! ಸುಡುವ ಎಣ್ಣೆಯ ತೂಕ ಇಲ್ಲಿ ಕಮ್ಮಿಯಾಗಲಿಲ್ಲ, ಬಿಲ್ಲು ಕಮ್ಮಿಯಾಯಿತು. ಹಡಗಿನ ಮಾಲೀಕರ ಭಾಷೆಯಲ್ಲಿ "ಉಳಿತಾಯ" ಅನ್ನೋ ಪದಕ್ಕೆ ಅಂದಿನಿಂದ ಎರಡು ಅರ್ಥ.

ಅಗ್ಗದ ಎಣ್ಣೆ, ಟರ್ಬೋಚಾರ್ಜರಿನ ಬಲ. ಇವೆರಡೂ ಸೇರಿದ ಮೇಲೆ ಕೇಳಬೇಕಾ? 1960ರ ದಶಕದಲ್ಲಿ ಪೈಪೋಟಿ ಶುರುವಾಯಿತು. ಆ ದಶಕದ ಕೊನೆಗೆ ಬಂದ ಸುಲ್ಜರ್ ಕಂಪನಿಯ ಆರ್‌ಎನ್‌ಡಿ 90 ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ 2,900 ಅಶ್ವಶಕ್ತಿ ಕೊಡುತ್ತಿತ್ತು. ಸೆಲಾಂಡಿಯಾದ ಎರಡೂ ಇಂಜಿನ್ ಸೇರಿ 2,500, ಇಲ್ಲಿ ಒಂದೇ ಸಿಲಿಂಡರಿಗೆ ಅದಕ್ಕಿಂತ ಹೆಚ್ಚು! ಡೀಸೆಲ್ಲಿಗೆ ಎಟುಕದ ಬಲ ಬೇಕೆಂದವರು ಹಬೆ ಟರ್ಬೈನಿಗೆ ಹೋದರು. ಅಮೆರಿಕದ ಸೀ-ಲ್ಯಾಂಡ್ ಕಂಪನಿ 1972-73ರಲ್ಲಿ ಇಳಿಸಿದ ಎಂಟು ಕಂಟೇನರ್ ಹಡಗುಗಳು 33 ನಾಟ್ ಓಡುತ್ತಿದ್ದವು, ದಿನಕ್ಕೆ 500 ಟನ್ನಿಗೂ ಹೆಚ್ಚು ಎಣ್ಣೆ ಕುಡಿಯುತ್ತಾ. ಇದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದು ಇರಲಾರದು.

1973

ಆ ವರ್ಷದ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧ, ಅದರ ಬೆನ್ನಿಗೆ ಅರಬ್ ದೇಶಗಳ ಎಣ್ಣೆ ನಿರ್ಬಂಧ. ಬ್ಯಾರಲ್ಲಿಗೆ 3 ಡಾಲರ್ ಹತ್ತಿರ ಇದ್ದ ಎಣ್ಣೆ 1974ರ ಆರಂಭದಲ್ಲಿ 12ರ ಹತ್ತಿರ. 1979ರ ಇರಾನ್ ಕ್ರಾಂತಿಯ ನಂತರ 30 ದಾಟಿತು. ಸಮುದ್ರದಲ್ಲಿದ್ದ ಸಾವಿರಾರು ಹಡಗುಗಳ ಹೊಟ್ಟೆಯಲ್ಲಿ ಇದ್ದದ್ದು ಮಾತ್ರ 3 ಡಾಲರ್ ಕಾಲದ ಇಂಜಿನ್ನುಗಳು.

ಹೊಸ ಇಂಜಿನ್ ಹಾಕೋಣ ಅಂದರೆ ಅದು ಮೂರ್ನಾಲ್ಕು ಮಹಡಿ ಎತ್ತರದ ಯಂತ್ರ, ಬೈಕಿನ ಕಾರ್ಬುರೇಟರ್ ಅಲ್ಲ. ಹಾಗಾಗಿ ಇದ್ದದ್ದರಲ್ಲೇ ಸುಧಾರಿಸಬೇಕಾಯಿತು. ಮೊದಲ ಉಪಾಯ ನಿಧಾನ ಹೋಗುವುದು. ನಾನು ಮೇಲೆ ಹೇಳಿದ ಕೋಪ ಹೊರಬಂದದ್ದು ಇಲ್ಲಿ.

ಎರಡು-ಸ್ಟ್ರೋಕ್ ಇಂಜಿನ್ ತಾನಾಗಿ ಉಸಿರು ಎಳೆದುಕೊಳ್ಳುವುದಿಲ್ಲ, ಯಾರಾದರೂ ಗಾಳಿ ಊದಬೇಕು. ಊದುವ ಟರ್ಬೋಚಾರ್ಜರ್ ಬದುಕುವುದು ಹೊಗೆಯ ಬಲದಿಂದ. ನಿಧಾನ ಓಡಿಸಿದರೆ ಹೊಗೆ ಕಮ್ಮಿ, ಟರ್ಬೋಚಾರ್ಜರ್ ಸೋಮಾರಿ, ಗಾಳಿ ಸಾಲದು. ಹೊರೆ ಮೂವತ್ತು ನಲವತ್ತು ಶೇಕಡಾಕ್ಕಿಂತ ಕೆಳಗೆ ಇಳಿದರೆ ಕರೆಂಟಿನ ಬ್ಲೋವರ್ ಹಾಕಿ ಊದಿಸಬೇಕು. ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಆ ಮಸಿ ಹೊಗೆದಾರಿಯ ಬಾಯ್ಲರಿನಲ್ಲಿ ಕೂತು ಒಂದು ದಿನ ಅಲ್ಲೇ ಬೆಂಕಿ ಹತ್ತಬಹುದು. ಗಟ್ಟಿ ಎಣ್ಣೆಯಲ್ಲಿರುವ ಗಂಧಕ, ಸಿಲಿಂಡರಿನ ಗೋಡೆ ತಣ್ಣಗಾದ ಕೂಡಲೇ ಆಮ್ಲವಾಗಿ ಅದನ್ನೇ ತಿನ್ನುತ್ತದೆ. ದೊಡ್ಡಪ್ಪ ಹೇಳುತ್ತಿದ್ದರು, "ನಿಧಾನ ಹೋಗುವ ಹಡಗಿನಲ್ಲಿ ಇಂಜಿನ್ನಿಗೆ ಆರಾಮ, ಇಂಜಿನಿಯರಿಗೆ ಆರಾಮ ಅಂತ ಆಫೀಸಿನವರು ತಿಳಿದುಕೊಂಡಿದ್ದರು ಮಾರಾಯ. ಇಬ್ಬರಿಗೂ ಇರಲಿಲ್ಲ." ಅದಕ್ಕೇ ದಿನಕ್ಕೆ ಒಂದು ಹೊತ್ತಾದರೂ ಇಂಜಿನ್ನನ್ನು ಜೋರಾಗಿ ಓಡಿಸಿ ಮಸಿ ಊದಿ ಹೊರಹಾಕುವ ರೂಢಿ.

ಇನ್ನೊಂದು ಸೂಕ್ಷ್ಮ ಇದೆ. ಸಿಲಿಂಡರಿನೊಳಗೆ ಎಣ್ಣೆ ಉರಿದಾಗ ಏಳುವ ಗರಿಷ್ಠ ಒತ್ತಡ ಹೆಚ್ಚಿದ್ದಷ್ಟೂ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಆ ಒತ್ತಡಕ್ಕೆ ಮೇಲ್ಮಿತಿ ಇದೆ, ಕಬ್ಬಿಣ ತಡೆಯಬೇಕಲ್ಲ. ಹಳೇ ಇಂಜಿನ್ ಆ ಮಿತಿ ಮುಟ್ಟುವುದು ಪೂರ್ತಿ ಹೊರೆಯಲ್ಲಿ ಮಾತ್ರ. ಹೊರೆ ಇಳಿದರೆ ಒತ್ತಡವೂ ಇಳಿಯುತ್ತದೆ, ಒಂದೊಂದು ಯೂನಿಟ್ ಶಕ್ತಿಗೆ ಎಣ್ಣೆ ಜಾಸ್ತಿ ಬೇಕಾಗುತ್ತದೆ.

ಇದಕ್ಕೆ ಎರಡು ಮದ್ದು ಕಂಡುಹಿಡಿದರು. ಒಂದು, ಹೊರೆ ಕಮ್ಮಿಯಾದಾಗ ಎಣ್ಣೆಯನ್ನು ಸ್ವಲ್ಪ ಮುಂಚೆಯೇ ಚಿಮ್ಮಿಸಿ ಆ ಗರಿಷ್ಠ ಒತ್ತಡವನ್ನು ಉಳಿಸಿಕೊಳ್ಳುವ ಪಂಪು. ಎರಡನೆಯದು ಡಿರೇಟಿಂಗ್: 10,000 ಕಿಲೋವ್ಯಾಟ್ ಕೊಡಬಲ್ಲ ಇಂಜಿನ್ನನ್ನು "ನಿನ್ನ ಪೂರ್ತಿ ಶಕ್ತಿ 8,000" ಅಂತ ಹೇಳಿ ಅದಕ್ಕೆ ಹೊಸದಾಗಿ ಹದ ಮಾಡುವುದು. ಒತ್ತಡದ ಮಿತಿ ಹಳೆಯದೇ, ತೆಗೆಯುವ ಬಲ ಕಮ್ಮಿ. ಎಣ್ಣೆ ಉಳಿಯುತ್ತದೆ. ದುಡ್ಡು ಕೊಟ್ಟು ಕೊಂಡ ಬಲವನ್ನು ನಾವಾಗಿಯೇ ಬಿಟ್ಟುಕೊಟ್ಟು ಮಿತವ್ಯಯ ಕೊಳ್ಳುವುದು ಅನ್ನಿ.

ಕೆಲವರು ಇಡೀ ಇಂಜಿನ್ನನ್ನೇ ಬದಲಿಸಿದರು. ಪ್ರಸಿದ್ಧ ಪ್ರಯಾಣಿಕ ಹಡಗು 'ಕ್ವೀನ್ ಎಲಿಜಬೆತ್ 2' 1969ರಲ್ಲಿ ಹಬೆ ಟರ್ಬೈನಿನೊಂದಿಗೆ ಸೇವೆಗೆ ಬಂದಿತ್ತು. 1986-87ರಲ್ಲಿ ಜರ್ಮನಿಯಲ್ಲಿ ಅದನ್ನು ಕಿತ್ತು ಒಂಬತ್ತು ಡೀಸೆಲ್ ಇಂಜಿನ್ ಕೂರಿಸಿದರು. ಅವು ಕರೆಂಟು ಮಾಡುತ್ತವೆ, ಮೋಟಾರುಗಳು ಪ್ರೊಪೆಲರ್ ತಿರುಗಿಸುತ್ತವೆ. ಜೋರು ಬೇಡವೆಂದರೆ ಎರಡು ಮೂರು ಇಂಜಿನ್ ನಿಲ್ಲಿಸಿ, ಉಳಿದವನ್ನು ಅವುಗಳ ಹದದಲ್ಲೇ ಓಡಿಸಬಹುದು. ಒಂದೇ ದೊಡ್ಡ ಸರ್ವರ್ ಬದಲು ಒಂಬತ್ತು ಸಣ್ಣವನ್ನಿಟ್ಟು ಲೋಡಿಗೆ ತಕ್ಕಂತೆ ಆನ್-ಆಫ್ ಮಾಡೋ ಹಾಗೆ! ಆ ಸೀ-ಲ್ಯಾಂಡಿನ ಎಂಟು ಹಡಗುಗಳು? ಎಣ್ಣೆ ಖರ್ಚು ತಡೆಯಲಾರದೆ 1980ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಗೆ ಮಾರಾಟವಾದವು. ಸೈನ್ಯಕ್ಕೆ ಬೇಕಿದ್ದದ್ದು ವೇಗ.

ಉದ್ದ ಸ್ಟ್ರೋಕು, ನಿಧಾನ ತಿರುಗು

ಹೊಸ ಇಂಜಿನ್ ಮಾಡುವವರು ಬೇರೆ ದಿಕ್ಕಿನಿಂದ ಯೋಚಿಸಿದರು. ಪ್ರೊಪೆಲರ್ ದೊಡ್ಡದಾಗಿದ್ದು ನಿಧಾನ ತಿರುಗಿದರೆ ಅದೇ ಶಕ್ತಿಯಲ್ಲಿ ಹಡಗನ್ನು ಚೆನ್ನಾಗಿ ತಳ್ಳುತ್ತದೆ. ಇಂಜಿನ್ ನಿಧಾನ ತಿರುಗಿಯೂ ಬಲ ಕೊಡಬೇಕೆಂದರೆ ಪಿಸ್ಟನ್ ಒಂದೊಂದು ಸಲಕ್ಕೂ ಹೆಚ್ಚು ದೂರ ಓಡಬೇಕು. ಆರ್‌ಎನ್‌ಡಿ 90ರಲ್ಲಿ ಸಿಲಿಂಡರಿನ ಅಗಲ 900 ಮಿಲಿಮೀಟರ್, ಪಿಸ್ಟನ್ ಓಡುವ ದೂರ 1,550, ನಿಮಿಷಕ್ಕೆ 122 ಸುತ್ತು. 1980ರ ದಶಕದ ಆರಂಭದ ಅದೇ ಸುಲ್ಜರ್‌ನ ಆರ್‌ಟಿಎ 84ರಲ್ಲಿ ಅಗಲ 840, ಓಟ 2,400, ಸುತ್ತು ತೊಂಬತ್ತರ ಆಸುಪಾಸು. ಇಷ್ಟು ಉದ್ದದ ಸಿಲಿಂಡರಿನಲ್ಲಿ ಹಳೇ ರೀತಿ ಗಾಳಿ ಕೆಳಗಿಂದ ಬಂದು ಸುತ್ತು ಹೊಡೆದು ಕೆಳಗೇ ಹೋಗುವುದು ಆಗಲಿಲ್ಲ. ಕೆಳಗಿಂದ ಬಂದು ಮೇಲಿನ ವಾಲ್ವಿನಿಂದ ಹೊರಟುಹೋಗುವ ವ್ಯವಸ್ಥೆಯೇ ಎಲ್ಲ ಕಡೆ ಗೆದ್ದಿತು. ಬರ್ಮೈಸ್ಟರ್‌ನವರು ಮೊದಲಿಂದ ಹಿಡಿದುಕೊಂಡು ಬಂದದ್ದೂ ಇದನ್ನೇ.

ಫಲ ಏನು? 1970ರ ದಶಕದ ಆರಂಭದಲ್ಲಿ ಒಂದು ಕಿಲೋವ್ಯಾಟ್-ಗಂಟೆಗೆ 210 ಗ್ರಾಂ ಹತ್ತಿರ ಬೇಕಿದ್ದ ಎಣ್ಣೆ, 80ರ ದಶಕದ ನಡುವಿಗೆ 170ಕ್ಕೆ ಇಳಿಯಿತು. 40 ಗ್ರಾಂ ಅಂದರೆ ಅಡುಗೆಮನೆಯ ಲೆಕ್ಕದಲ್ಲಿ ನಾಲ್ಕೈದು ಚಮಚ. ಆದರೆ 10,000 ಕಿಲೋವ್ಯಾಟಿನ ಇಂಜಿನ್ನಿಗೆ ದಿನಕ್ಕೆ 50 ಟನ್ ಇದ್ದದ್ದು 41 ಟನ್ ಆಯಿತು. ವರ್ಷಕ್ಕೆ 250 ದಿನ ಓಡಿದರೆ ಎರಡು ಸಾವಿರ ಟನ್ನಿಗೂ ಹೆಚ್ಚು ಉಳಿತಾಯ, ಒಂದೇ ಹಡಗಿನಲ್ಲಿ!

ಮತ್ತೆ ಮರೆತರು, ಮತ್ತೆ ನೆನಪಾಯಿತು

1986ರಲ್ಲಿ ಎಣ್ಣೆ ಬೆಲೆ ಕುಸಿಯಿತು. ಕ್ರಮೇಣ ಪಾಠವೂ ಮರೆಯಿತು. 2006ರಲ್ಲಿ ಬಂದ 'ಎಮ್ಮಾ ಮೇರ್ಸ್ಕ್' ಕಂಟೇನರ್ ಹಡಗಿನಲ್ಲಿ 14 ಸಿಲಿಂಡರಿನ ಇಂಜಿನ್, 80 ಮೆಗಾವ್ಯಾಟ್ ಶಕ್ತಿ, 25 ನಾಟ್ ವೇಗ. ಇಂಧನದ ಅರ್ಧದಷ್ಟು ಶಾಖವನ್ನು ಕೆಲಸವಾಗಿ ಬದಲಾಯಿಸುವ ಅದ್ಭುತ ಯಂತ್ರ ಅದು. ಎರಡೇ ವರ್ಷಕ್ಕೆ, 2008ರ ಜುಲೈಯಲ್ಲಿ, ಎಣ್ಣೆ 147 ಡಾಲರ್ ಮುಟ್ಟಿತು. ಅದರ ಬೆನ್ನಿಗೇ ಜಗತ್ತಿನ ವ್ಯಾಪಾರ ಕುಸಿದು ಸರಕೇ ಇಲ್ಲದಾಯಿತು. ಮತ್ತೆ ಎಲ್ಲರೂ ನಿಧಾನ! ಹೊರೆ 40 ಶೇಕಡಾಕ್ಕಿಂತ ಕೆಳಗೆ ಹೆಚ್ಚು ಹೊತ್ತು ಓಡಿಸಬೇಡಿ ಅನ್ನುತ್ತಿದ್ದ ಕಾಲ ಹೋಗಿ, ಮೇರ್ಸ್ಕ್ ಕಂಪನಿ ನೂರಕ್ಕೂ ಹೆಚ್ಚು ಹಡಗುಗಳಲ್ಲಿ ಪರೀಕ್ಷಿಸಿ 10 ಶೇಕಡಾದವರೆಗೂ ಇಳಿಸಬಹುದು ಅಂತ ತೋರಿಸಿತು. ಹಳೇ ಹಡಗುಗಳಲ್ಲಿ ಮೂರ್ನಾಲ್ಕು ಟರ್ಬೋಚಾರ್ಜರಿದ್ದರೆ ಒಂದನ್ನು ಮುಚ್ಚಿ ಉಳಿದವಕ್ಕೆ ಸಾಕಷ್ಟು ಹೊಗೆ ಸಿಗುವ ಹಾಗೆ ಮಾಡಿದರು. ಅದೇ ಕಂಪನಿ 2013ರಿಂದ ಇಳಿಸಿದ ಇನ್ನೂ ದೊಡ್ಡ ಹಡಗುಗಳಲ್ಲಿ ಎರಡು ಇಂಜಿನ್ ಸೇರಿಸಿದರೂ 60 ಮೆಗಾವ್ಯಾಟಿನ ಆಸುಪಾಸು.

ಈ ಹೊತ್ತಿಗೆ ಇಂಜಿನ್ನಿನ ಒಳಗೂ ಒಂದು ಬದಲಾವಣೆ ಆಗಿತ್ತು. ನಮ್ಮಂಥ ಕೋಡು ಕುಟ್ಟುವವರಿಗೆ ಖುಷಿ ಕೊಡುವಂಥದ್ದು. ಹಳೇ ಇಂಜಿನ್ನಿನಲ್ಲಿ ಎಣ್ಣೆ ಯಾವಾಗ ಚಿಮ್ಮಬೇಕು ಅನ್ನೋದು ಕ್ಯಾಮ್‌ಶಾಫ್ಟಿನ ಕಬ್ಬಿಣದ ಉಬ್ಬುಗಳಲ್ಲಿ ಕೆತ್ತಿದ ನಿರ್ಧಾರ. 2001ರಿಂದ ಕ್ಯಾಮ್‌ಶಾಫ್ಟೇ ಇಲ್ಲದ ದೊಡ್ಡ ಇಂಜಿನ್ನುಗಳು ಹಡಗಿಗೆ ಬಂದವು, ಅವುಗಳಲ್ಲಿ ಆ ನಿರ್ಧಾರ ಸಾಫ್ಟ್‌ವೇರಿನಲ್ಲಿದೆ. ಎಣ್ಣೆ ಬೆಲೆ ಬದಲಾದರೆ ಕಬ್ಬಿಣ ಕೊರೆಯಬೇಕಾಗಿಲ್ಲ, ಅಂಕಿ ಬದಲಿಸಿದರೆ ಸಾಕು.

ಆ ಒಂದು ದಿನ

ಇಷ್ಟೆಲ್ಲ ಓದಿದ ಮೇಲೆ ನಾನು ಪೂರ್ತಿ ಉಳಿತಾಯದ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಸಣ್ಣ ಇಂಜಿನ್ ಹಾಕಿ, ನಿಧಾನ ಹೋಗಿ, ಎಣ್ಣೆ ಉಳಿಸಿ, ಹೊಗೆಯೂ ಕಮ್ಮಿ! ಫೋನಿನಲ್ಲಿ ದೊಡ್ಡಪ್ಪನಿಗೆ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಣ್ಣೆ ಉಳಿಸುವುದು ದಿನಾ ಮಾಡುವ ಕೆಲಸ ಮಾರಾಯ. ಬಲ ಬೇಕಾಗುವುದು ವರ್ಷಕ್ಕೆ ಒಂದು ದಿನ. ಆ ಒಂದು ದಿನ ಅದು ಇಲ್ಲದಿದ್ದರೆ, ಉಳಿಸಿದ್ದೆಲ್ಲ ಯಾರಿಗೆ?" ಅಂದರು.

ಗಾಳಿ ದಡದ ಕಡೆಗೆ ನೂಕುತ್ತಿರುವಾಗ, ಎದುರು ಅಲೆ ಹಡಗನ್ನು ಹಿಂದಕ್ಕೆ ತಳ್ಳುತ್ತಿರುವಾಗ, ಇಂಜಿನ್ನಿನ ಬಲ ವೇಗಕ್ಕಲ್ಲ, ನಿಂತ ಜಾಗದಲ್ಲಿ ನಿಲ್ಲಲಿಕ್ಕೆ. ಸೊಮಾಲಿಯಾ ಕಡಲುಗಳ್ಳರ ಹಾವಳಿ ಜೋರಾಗಿದ್ದಾಗ ಹಡಗಿನವರಿಗೆ ಕೊಟ್ಟ 2011ರ ಕೈಪಿಡಿಯಲ್ಲಿ ಒಂದು ಮಾತಿತ್ತು: 18 ನಾಟ್‌ಗಿಂತ ವೇಗವಾಗಿ ಹೋಗುತ್ತಿದ್ದ ಹಡಗನ್ನು ಕಳ್ಳರು ಹತ್ತಿದ ವರದಿ ಅಲ್ಲಿಯವರೆಗೆ ಇಲ್ಲ ಅಂತ. ಎಣ್ಣೆ ಉಳಿಸಲು 12 ನಾಟ್‌ನಲ್ಲಿ ತೆವಳುತ್ತಿದ್ದ ಹಡಗಿನ ಇಂಜಿನ್ ರೂಮಿನಲ್ಲಿ ಕೂತವನಿಗೆ ಆ ಸಾಲು ಹೇಗೆ ಓದಿಸಿರಬೇಕು ಯೋಚಿಸಿ. ಅವರಲ್ಲಿ ನಮ್ಮ ದೇಶದವರೂ ಬಹಳ ಜನ ಇದ್ದರು.

ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಇದು ಗೊತ್ತಿಲ್ಲದ್ದಲ್ಲ. ಕೆಟ್ಟ ಹವಾಮಾನದಲ್ಲಿ ಹಡಗನ್ನು ಹತೋಟಿಯಲ್ಲಿಡಲು ಕನಿಷ್ಠ ಇಷ್ಟು ಶಕ್ತಿ ಇರಲೇಬೇಕು ಅಂತ 2013ರಲ್ಲಿ ಮಾರ್ಗಸೂಚಿ ಬಂತು. ಹೊಗೆ ಕಮ್ಮಿ ಮಾಡಲು 2023ರ ಜನವರಿ 1ರಿಂದ ಹಳೇ ಹಡಗುಗಳಿಗೂ ದಕ್ಷತೆಯ ನಿಯಮ ಜಾರಿಯಾಯಿತು. ಅದನ್ನು ಪಾಲಿಸಲು ಬಹಳ ಮಾಲೀಕರು ಹಿಡಿದ ಸುಲಭದ ದಾರಿ ಇಂಜಿನ್ನಿನ ಶಕ್ತಿಗೆ ಮಿತಿ ಹಾಕಿ ಸೀಲ್ ಮಾಡುವುದು. ಆದರೆ ಹಡಗಿನ ಅಥವಾ ಜನರ ಸುರಕ್ಷತೆಗೆ ಬೇಕಾದರೆ ಆ ಸೀಲ್ ಒಡೆಯಬಹುದು, ಆಮೇಲೆ ಯಾಕೆ ಒಡೆದೆ ಅಂತ ಬರೆದು ವರದಿ ಮಾಡಬೇಕು. ನನಗೆ ಈ ನಿಯಮ ತುಂಬಾ ಹಿಡಿಸಿತು. ದಿನಾ ಉಳಿಸು, ಆ ಒಂದು ದಿನಕ್ಕೆ ಬಲ ಬಚ್ಚಿಡು, ಬಳಸಿದರೆ ಲೆಕ್ಕ ಕೊಡು. ನೂರು ವರ್ಷದ ಜಗಳಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ರಾಜಿ ನನಗಂತೂ ಕಾಣಲಿಲ್ಲ.

ಆದರೆ ಬಿರುಗಾಳಿಯ ರಾತ್ರಿ ಸೀಲ್ ಒಡೆಯಬೇಕಾದವನು ಆಫೀಸಿನವರ ಪ್ರಶ್ನೆಗೆ ಹೆದರಿ ಹತ್ತು ನಿಮಿಷ ತಡ ಮಾಡಿದರೆ? ಅದನ್ನು ಯಾವ ಸಾಫ್ಟ್‌ವೇರೂ ಸರಿಮಾಡಲಾರದು. ನಿಮ್ಮ ಮನೆಯಲ್ಲೂ ಹಡಗಿನವರು ಇದ್ದರೆ ಕೇಳಿ ನೋಡಿ, ಅವರ ಹತ್ತಿರ ಇಂಥ ಒಂದು ರಾತ್ರಿಯ ಕಥೆ ಇದ್ದೇ ಇರುತ್ತೆ. ಕೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ನಾನು ಓದಲು ಕಾದಿದ್ದೇನೆ.